ಯಜಮಾನರ ಗಂಟಲಲ್ಲಿ ಪಾಲಯ್ಯನ ಪ್ರಚಾರ

ಮನುಷ್ಯನಿಗೆ ಎರಡು ನಾಲಿಗೆ ಇರಬಾರದು ಎಂದು ಹಿರಿಯರು ಹೇಳುತ್ತಾರೆ. ನನಗಿರುವುದು ಒಂದೇ ನಾಲಿಗೆ, ನಾನು ಪಟ್ಟ ಪಾಡೆಲ್ಲ ಆ ಒಂದರಿಂದಲೇ. ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ಕನ್ನಡ, ರಾಂಪುರ ದಾಟಿದರೆ ತೆಲುಗು ಎಂದು ಮೂರು ಮನೆಯ ಹಾಲು ಕುಡಿದ ಬೆಕ್ಕಿನ ಹಾಗೆ ಅದು ಬೆಳೆದಿದೆ. ಚಳ್ಳಕೆರೆಯ ಪೇಟೆಯಲ್ಲಿ ನನ್ನದೊಂದು ಮೈಕ್ ಸೆಟ್ ಅಂಗಡಿಯಿದೆ. ಮದುವೆ, ಉರುಸು, ನಾಟಕ, ಕಳೆದುಹೋದ ಮೇಕೆಯ ಪ್ರಕಟಣೆ, ಎಲ್ಲಕ್ಕೂ ನಮ್ಮದೇ ಹಾರ್ನು, ನನ್ನದೇ ಗಂಟಲು. ಊರಿನವರು ನನ್ನನ್ನು ಮೈಕ್ ಬುಡೇನ್ ಎಂದು ಕರೆಯುತ್ತಾರೆ. ನನ್ನ ಹೆಂಡತಿ ಖೈರೂನ್ ಮಾತ್ರ ಈ ಬಿರುದನ್ನು ಒಪ್ಪುವುದಿಲ್ಲ. ಮೈಕಿಗಾದರೆ ಆರಿಸುವುದಕ್ಕೆ ಒಂದು ಸ್ವಿಚ್ ಇರುತ್ತದಲ್ಲ ಎಂಬುದು ಅವಳ ವಾದ.

ಈ ನಾಲಿಗೆಗೆ ಅನ್ನ ಹಾಕಿದವರು ಯಜಮಾನರು. ಮೊಳಕಾಲ್ಮೂರು ಕಡೆಯ ಶಾಸಕರಾದ ಅವರನ್ನು ಹೆಸರು ಹಿಡಿದು ಕರೆಯುವವರು ಆ ಸೀಮೆಯಲ್ಲಿ ಯಾರೂ ಇಲ್ಲ. ವಿರೋಧಿಗಳು ಕೂಡ ಯಜಮಾನರು ಎಂದೇ ಬೈಯುತ್ತಾರೆ. ಎಷ್ಟು ಸಲ ಗೆದ್ದಿದ್ದೀರಿ ಎಂದು ಕೇಳಿದರೆ ಅವರೇ ಕ್ಷಣ ಹೊತ್ತು ಯೋಚಿಸಬೇಕು. ಅವರು ಮೊದಲ ಸಲ ನಿಂತಾಗ ನಾನಿನ್ನೂ ಮೀಸೆ ಚಿಗುರಿದವನು. ಪರಶುರಾಂಪುರದಲ್ಲಿ ಯಾರದೋ ಮದುವೆಯಲ್ಲಿ ನಾನು ಮೈಕ್ ಹಿಡಿದು ಊಟಕ್ಕೆ ಏಳಿ ಎಂದು ಕರೆದ ರೀತಿ ಅವರಿಗೆ ಹಿಡಿಸಿತಂತೆ. ಊಟಕ್ಕೆ ಇಷ್ಟು ಚೆಂದ ಎಬ್ಬಿಸುವವನು ಓಟಿಗೂ ಎಬ್ಬಿಸುತ್ತಾನೆ ಎಂದು ನನ್ನನ್ನು ಜೀಪಿಗೆ ಹತ್ತಿಸಿಕೊಂಡರು. ಅಂದಿನಿಂದ ಪ್ರತಿ ಚುನಾವಣೆಗೂ ಅವರ ಗುರುತು, ನನ್ನ ಗಂಟಲು. ಇದರಲ್ಲಿ ಒಂದು ಗುಟ್ಟಿದೆ, ನಿಮಗೆ ಹೇಳಿದರೆ ತೊಂದರೆಯಿಲ್ಲ: ನನಗೆ ಆ ಕ್ಷೇತ್ರದಲ್ಲಿ ಓಟೇ ಇಲ್ಲ. ನನ್ನ ಓಟಿರುವುದು ಚಳ್ಳಕೆರೆಯಲ್ಲಿ. ಪಕ್ಕದ ಮನೆಯವರಿಗೆ ಇಂಥ ಸೊಸೆಯನ್ನೇ ತನ್ನಿ ಎಂದು ಜೀವಮಾನವಿಡೀ ಬುದ್ಧಿ ಹೇಳಿದವನು ನಾನು.

ಆ ಕಾಲದ ಚುನಾವಣೆ ಎಂದರೆ ಏನು ಸೊಗಸು! ಜೀಪಿನ ನೆತ್ತಿಯ ಮೇಲೆ ಎರಡು ಹಾರ್ನು, ಹಿಂದೆ ಕೆಂಪು ಧೂಳು, ಧೂಳಿನೊಳಗೆ ಓಡಿಬರುವ ಮಕ್ಕಳು. ಗುಲಾಬಿ, ಹಳದಿ, ಹಸಿರು ಬಣ್ಣದ ಕರಪತ್ರಗಳನ್ನು ಎಸೆದರೆ ಯಾರ ಪಕ್ಷವೆಂದು ನೋಡದೆ ಬಣ್ಣ ನೋಡಿ ಆರಿಸಿಕೊಳ್ಳುತ್ತಿದ್ದರು. ಶೇಂಗಾ ಕೀಳುವ ಕಾಲವಾದರೆ ಹೊಲದಲ್ಲೇ ಬೆಂಕಿ ಮಾಡಿ ಸುಟ್ಟ ಕಾಯನ್ನು ಜೀಪಿನ ಕಿಟಕಿಯೊಳಗೆ ಸುರಿಯುತ್ತಿದ್ದರು. ಅದನ್ನು ಬಾಯಲ್ಲಿಟ್ಟುಕೊಂಡೇ ನಾನು ದೇಶದ ಭವಿಷ್ಯದ ಬಗ್ಗೆ ಮಾತಾಡುತ್ತಿದ್ದೆ. ಅಂಥದೇ ಒಂದು ಬೆಳಿಗ್ಗೆ ರಾಂಪುರದ ಹತ್ತಿರದ ಹಳ್ಳಿಯೊಂದರಲ್ಲಿ ಮನೆಮನೆಯ ಮೇಲೂ ಹೊಗೆ ಏಳುತ್ತಿತ್ತು, ಹೆಂಗಸರಾರೂ ಹೊರಗೆ ಬರುವ ಲಕ್ಷಣವಿರಲಿಲ್ಲ. ಬಾಯಿಗೆ ಬಂದದ್ದನ್ನು ಕೂಗಿದೆ: “ಅವ್ವಾ, ಅಕ್ಕಾ, ಒಲೆ ಆರಿಸಿ ಬರ್ರಿ, ಓಟು ಹಾಕಿ ಹೋಗ್ರಿ!” ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದು ನಕ್ಕರು. ಅದೇ ನನ್ನ ಮಾತಾಯಿತು. ಆಮೇಲೆ ಯಜಮಾನರು ಪಕ್ಷ ಬದಲಿಸಿದರು, ಜೀಪು ಬದಲಾಯಿತು, ನನ್ನ ಮೀಸೆ ಬೆಳ್ಳಗಾಯಿತು. ಈ ಮಾತು ಮಾತ್ರ ಬದಲಾಗಲಿಲ್ಲ. ಅವರ ಗುರುತು ಯಾವುದೆಂದು ಇಲ್ಲಿ ಹೇಳುವುದಿಲ್ಲ. ಹೇಳಿದರೆ ಈ ಪ್ರಬಂಧವೂ ಪ್ರಚಾರವಾಗಿಬಿಡುತ್ತದೆ.

ಆ ಜೀಪಿನ ನೆತ್ತಿಗೆ ಹತ್ತಿ ಹಾರ್ನು ಕಟ್ಟುತ್ತಿದ್ದವನೇ ಪಾಲಯ್ಯ. ಸಿದ್ದಾಪುರದಾಚೆ ಗುಡ್ಡದ ಮಗ್ಗುಲಲ್ಲಿರುವ ಹಟ್ಟಿಯವನು, ಕುರಿ ಸಾಕುವ ಮನೆತನ. ನನಗಿಂತ ಗಟ್ಟಿ ಕೈ, ನನಗಿಂತ ಕಡಿಮೆ ಮಾತು. ಕೆಲವು ವರ್ಷ ನಾವಿಬ್ಬರೂ ಒಂದೇ ಕಂಬಳಿ ಹೊದ್ದು, ಒಂದೇ ಬೀಡಿ ಸೇದಿ, ಯಜಮಾನರನ್ನು ಗೆಲ್ಲಿಸಿದೆವು. ಆಮೇಲೆ ಅವನಿಗೆ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಕೆಲಸ ಸಿಕ್ಕಿತು. ಚಳ್ಳಕೆರೆ, ಮೊಳಕಾಲ್ಮೂರು, ರಾಂಪುರ ಎಂದು ಅದೇ ದಾರಿಯಲ್ಲಿ ಸೀಟಿ ಊದುತ್ತಾ ಮುದುಕನಾಗಿ ನಿವೃತ್ತನಾದ. ಅವನು ನಿವೃತ್ತನಾದ ಸ್ವಲ್ಪ ದಿನಕ್ಕೆ ಅವನ ಹಟ್ಟಿಗೆ ಹೋಗುತ್ತಿದ್ದ ಸಂಜೆ ಬಸ್ಸು ನಿಂತುಹೋಯಿತು. ಮೊಳಕಾಲ್ಮೂರಿಗೆ ಕಾಲೇಜಿಗೆ ಹೋಗುತ್ತಿದ್ದ ಹಟ್ಟಿಯ ಹೆಣ್ಣುಮಕ್ಕಳು ಕತ್ತಲಲ್ಲಿ ಕ್ರಾಸಿನಿಂದ ನಡೆದು ಬರಬೇಕಾಯಿತು. ಒಬ್ಬೊಬ್ಬರಾಗಿ ಕಾಲೇಜು ಬಿಟ್ಟರು. ಪಾಲಯ್ಯನ ಮೊಮ್ಮಗಳು ರತ್ನಾಳೂ ಪುಸ್ತಕ ಕಟ್ಟಿಟ್ಟು ಕುರಿಯ ಹಿಂದೆ ಹೊರಟಳು. ಊರೂರಿಗೆ ಬಸ್ಸು ತಲುಪಿಸಿದವನ ಮನೆಗೇ ಬಸ್ಸಿಲ್ಲದಾಯಿತು. ಪಾಲಯ್ಯ ಯಜಮಾನರ ಮನೆಗೆ ಅಲೆದ. ಯಜಮಾನರು ಒಳ್ಳೆಯವರು, ಯಾರಿಗೂ ಇಲ್ಲ ಎಂದವರಲ್ಲ. ಅರ್ಜಿಯನ್ನು ಪೂರ್ತಿ ಓದಿ, ಮಡಚಿ ಜೇಬಿಗಿಟ್ಟು, ಬೆನ್ನು ತಟ್ಟಿ “ಮಾಡೋಣ” ಎನ್ನುತ್ತಿದ್ದರು. ಆ ಜೇಬಿಗೆ ಹೋದ ಅರ್ಜಿ ಬಾವಿಗೆ ಬಿದ್ದ ತಂಬಿಗೆಯ ಹಾಗೆ, ಸದ್ದು ಕೇಳುತ್ತದೆ, ಮೇಲೆ ಬರುವುದಿಲ್ಲ.

ಈ ಸಲದ ಚುನಾವಣೆ ಹತ್ತಿರ ಬಂದಾಗ ನಾನು ಎಂದಿನಂತೆ ಮೆಣಸಿನ ಕಷಾಯ ಕುಡಿದು ಗಂಟಲು ಹದ ಮಾಡಿಕೊಂಡು ಕಾಯುತ್ತಿದ್ದೆ. ಯಜಮಾನರಿಂದ ಕರೆ ಬಂತು, ಆದರೆ ಬೇರೆ ರೀತಿಯದು. ಅವರ ಮಗ ದೊಡ್ಡ ಪರದೆಯ ವ್ಯಾನು ತರಿಸಿದ್ದಾನಂತೆ. ಹಾಡು, ಭಾಷಣ ಎಲ್ಲ ಪೆನ್‌ಡ್ರೈವಿನಲ್ಲೇ ಬರುತ್ತದಂತೆ. “ಬುಡೇನ್, ಈ ಸಲ ನೀನು ರೆಸ್ಟ್ ತಗೊಳಪ್ಪ,” ಎಂದರು. ಬಹಳ ಪ್ರೀತಿಯಿಂದಲೇ ಅಂದರು. ಮನೆಗೆ ಬಂದು ಖೈರೂನಳಿಗೆ ಹೇಳಿದರೆ, ಇನ್ನೇನು, ಉಳಿದ ಕಷಾಯವನ್ನು ನಾನು ಕುಡಿಯುತ್ತೇನೆ, ನನಗೂ ಒಂದಿಷ್ಟು ಮಾತಾಡುವುದಿದೆ ಎಂದಳು.

ಹೀಗೆ ನಾನು ಅಂಗಡಿಯಲ್ಲಿ ನೊಣ ಹೊಡೆಯುತ್ತಾ ಕೂತಿದ್ದಾಗ ಪಾಲಯ್ಯ ಬಂದ. ನೀರು ಕುಡಿದ. ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ.

“ಲೇ ಬುಡೇನಾ, ಈ ಸಲ ಎಲೆಕ್ಷನ್‌ಗೆ ನಾನೇ ನಿಂತ್ಕಂತೀನಿ,” ಎಂದ.

ಪಂಚಾಯ್ತಿಗೆ ಇನ್ನೂ ಟೈಮಿದೆಯಲ್ಲ ಎಂದೆ.

“ಪಂಚಾಯ್ತಿಗಲ್ಲಲೇ, ಅಸೆಂಬ್ಲಿಗೆ. ಯಜಮಾನ್ರ ಎದುರಿಗೆ.” ನನ್ನ ಮುಖ ನೋಡಿ ಅವನೇ ಮುಂದುವರಿಸಿದ. “ಬಸ್ಸು ಕೇಳಿ ಕೇಳಿ ಸಾಕಾಗೈತೆ. ಕೇಳೋ ಜಾಗದಾಗೆ ನಿಂತು ನೋಡಿದ್ದಾಯ್ತು, ಕೊಡೋ ಜಾಗದಾಗೆ ಕೂತು ನೋಡ್ತೀನಿ. ನೀನು ಮೈಕ್ ಹಿಡೀತೀಯಾ, ಇಲ್ಲಾ? ಅಷ್ಟು ಹೇಳು.”

ಅನ್ನದ ಋಣ ಒಂದು ಕಡೆ, ಒಂದೇ ಕಂಬಳಿಯಲ್ಲಿ ಮಲಗಿದ ಋಣ ಇನ್ನೊಂದು ಕಡೆ. ಹಿಡೀತೀನಿ ಎಂದುಬಿಟ್ಟೆ. ಅದು ಸ್ನೇಹಕ್ಕೆ ಅಂದದ್ದೋ, ರೆಸ್ಟ್ ತಗೋ ಎಂದವರ ಮೇಲಿನ ಸಿಟ್ಟಿಗೆ ಅಂದದ್ದೋ ಇವತ್ತಿಗೂ ಬಗೆಹರಿದಿಲ್ಲ. ಅರ್ಧರ್ಧ ಇರಬೇಕು.

ಪಾಲಯ್ಯನ ಲೆಕ್ಕಾಚಾರ ಸರಳವಾಗಿತ್ತು. ಈ ಸೀಮೆಯಲ್ಲಿ ತನ್ನ ಕೈಯಿಂದ ಟಿಕೆಟ್ ಪಡೆಯದವರು ಯಾರಿದ್ದಾರೆ, ಅವರೆಲ್ಲ ಒಂದು ಸಲ ತಿರುಗಿ ಕೊಟ್ಟರೆ ಸಾಕು ಎಂಬುದು. ಕಂಡಕ್ಟರನನ್ನು ಜನ ಯಾವುದಕ್ಕೆ ನೆನಪಿಟ್ಟುಕೊಂಡಿರುತ್ತಾರೆ ಎಂಬುದನ್ನು ಅವನು ಯೋಚಿಸಿರಲಿಲ್ಲ. ಹತ್ತಿಸಿಕೊಂಡ ನೂರು ದಿನ ಮರೆತು, ಕೈ ಅಡ್ಡ ಹಾಕಿದರೂ ನಿಲ್ಲಿಸದೆ ಹೋದ ಒಂದು ದಿನವನ್ನು ಹೇಳಿ ಜಗಳಕ್ಕೆ ಬಂದವರು ಬಹಳ ಮಂದಿ. ಪಕ್ಷೇತರನಾದ್ದರಿಂದ ಗುರುತು ಬೇರೆ ಸಿಗಬೇಕಾಗಿತ್ತು. ಆಸೆಪಟ್ಟು ಸೀಟಿ ಕೇಳಿದ. ಅದು ಚೀಟಿ ಎತ್ತುವಾಗ ಇನ್ನೊಬ್ಬನ ಪಾಲಾಗಿ, ಇವನಿಗೆ ಕುಕ್ಕರ್ ಬಂತು. ಮುಖ ಸಣ್ಣಗೆ ಮಾಡಿಕೊಂಡವನಿಗೆ, ಹೋಗಲಿ ಬಿಡು, ಕುಕ್ಕರೂ ಸೀಟಿ ಹೊಡೆಯುತ್ತದೆ ಎಂದು ಸಮಾಧಾನ ಹೇಳಿದೆ.

ಲಗೇಜ್ ಆಟೋ ಒಂದಕ್ಕೆ ಹಾರ್ನು ಕಟ್ಟಿದೆವು. ಅಭ್ಯರ್ಥಿಯಾದರೂ ಪಾಲಯ್ಯ ಬೇರೆಯವರ ಕೈಗೆ ಕೊಡದೆ ತಾನೇ ಹತ್ತಿ ಕಟ್ಟಿದ. ಹಗ್ಗದ ಗಂಟು ಬಿಗಿಯುವಾಗ ಅವನ ಮುಖದಲ್ಲಿ ಹಳೇ ಜೀಪಿನ ಕಾಲದ ಕಳೆ ಬಂದಿತ್ತು. ನನಗೂ ಉಮೇದು ಬಂತು. ಮೊದಲ ದಿನ ರಾಂಪುರದ ಸಂತೆ. ಮೈಕ್ ಹಿಡಿದೆ, ಮಾತು ತಾನಾಗಿ ಹರಿಯಿತು. ಬಡವರ ಬಂಧು ಎಂದೆ, ಊರೂರಿನ ಹಾದಿ ಬಲ್ಲವರು ಎಂದೆ, ನಿಮ್ಮ ಕಷ್ಟಕ್ಕೆ ಆಗುವವರು ಎಂದೆ, ಕೊನೆಗೆ ಎದೆ ತುಂಬಿ, “ನಿಮ್ಮ ಅಮೂಲ್ಯವಾದ ಮತ ನಮ್ಮ ಯಜಮಾನರಿಗೇ!” ಎಂದೆ. ತಮಾಷೆಯೆಂದರೆ ನನ್ನ ಪಕ್ಕದಲ್ಲಿ ನಿಂತ ಪಾಲಯ್ಯನೂ ಅಭ್ಯಾಸಬಲದಿಂದ ಕೈ ಮುಗಿದು ನಗುತ್ತಲೇ ಇದ್ದ. ಆಟೋ ಓಡಿಸುತ್ತಿದ್ದ ಅವನ ಬಸ್ಸಿನ ಹಳೇ ಡ್ರೈವರು ಗಕ್ಕನೆ ಬ್ರೇಕ್ ಹಾಕಿದ ಮೇಲೆಯೇ ನಮ್ಮಿಬ್ಬರಿಗೂ ಎಚ್ಚರವಾದದ್ದು.

ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ನನ್ನದು ಗಂಟಲಿಗೆ ಹತ್ತಿದ ಗುಣ. ಪಾಲಯ್ಯ ಇದಕ್ಕೊಂದು ಉಪಾಯ ಮಾಡಿದ. ನನ್ನ ಮಾತು ಮತದ ಹತ್ತಿರ ಬರುತ್ತಿದ್ದ ಹಾಗೆ ನನ್ನ ತೊಡೆಯನ್ನು ಬಲವಾಗಿ ಚಿವುಟುವುದು. ಕುರಿಯ ಉಣ್ಣೆ ಕತ್ತರಿಸಿ ಪಳಗಿದ ಬೆರಳು ಅವನದು. ಚಿವುಟಿದ ಕೂಡಲೇ “ಪಾಲಯ್ಯನವರಿಗೇ” ಎಂದು ಹೊರಡುತ್ತಿತ್ತು, ಅದೂ ಎಂಥ ಆರ್ತ ದನಿಯಲ್ಲಿ! ಬುಡೇನ್ ಸಾಬರು ಈ ಸಲ ಕರುಳು ಕಿತ್ತುಬರುವ ಹಾಗೆ ಕೇಳುತ್ತಿದ್ದಾರೆ ಎಂದು ಜನ ಮೆಚ್ಚಿಕೊಂಡರು. ತೊಡೆ ಮಾತ್ರ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತು. ಅದನ್ನು ಕಂಡ ಖೈರೂನಳಿಗೆ ಪ್ರಜಾಪ್ರಭುತ್ವದ ಕಾರಣ ಹೇಳಿ ನಂಬಿಸಲು ಪಾಲಯ್ಯನನ್ನೇ ಮನೆಗೆ ಕರೆತಂದು ಸಾಕ್ಷಿ ಹೇಳಿಸಬೇಕಾಯಿತು.

ಸಿದ್ದಾಪುರದ ಗುಡ್ಡದ ಹತ್ತಿರ ಇನ್ನೊಂದು ತೊಂದರೆ. ಅಲ್ಲಿ ಕೂಗಿದ್ದು ಬಂಡೆಗೆ ಬಡಿದು ವಾಪಸು ಬರುತ್ತದೆ. ಚಿವುಟುವುದು ತಡವಾಗಿ ಬಾಯಿ ತಪ್ಪಿತು, ತಿದ್ದಿಕೊಂಡು ಪಾಲಯ್ಯ ಎಂದೆ, ಅಷ್ಟರಲ್ಲಿ ಗುಡ್ಡ “ಯಜಮಾನರಿಗೇ” ಎಂದಿತು. ಗುಡ್ಡಕ್ಕೂ ಅದೇ ರೂಢಿ. ಅಲ್ಲೇ ಅಶೋಕ ಚಕ್ರವರ್ತಿ ಬಂಡೆಯ ಮೇಲೆ ತಂದೆತಾಯಿಯ ಮಾತು ಕೇಳಿ ಎಂದು ಕೆತ್ತಿಸಿದ್ದಾನೆ. ಅವನಿಗೇನು, ಮೈಕ್ ಇಲ್ಲದಿದ್ದರೂ ಎದುರಾಳಿ ಇರಲಿಲ್ಲ. ಹಿಂದೆ ನಾವು ಊಟದ ಹೊತ್ತಿಗೆ ಆ ಬಂಡೆಗಳ ನೆರಳಿನಲ್ಲೇ ಕೂರುತ್ತಿದ್ದೆವು. ಈ ಸಲವೂ ಕೂತೆವು. ರತ್ನಾ ಮುದ್ದೆ, ಕಾರದ ಸಾರು ತಂದಳು. ಬಡಿಸಿ, ತಾತ ಗೆದ್ದರೆ ಬಸ್ಸು ನಿಜವಾಗಿ ಬರುತ್ತಾ ಎಂದು ನನ್ನನ್ನು ಕೇಳಿದಳು, ಮೈಕ್ ಹಿಡಿದವನಿಗೆ ಎಲ್ಲ ಗೊತ್ತಿರುತ್ತದೆ ಎಂಬಂತೆ. ಅದುವರೆಗೆ ಎಲ್ಲವೂ ಹಳೇ ಸಂಭ್ರಮದ ಆಟವಾಗಿತ್ತು. ಆ ಮಗುವಿನ ಮುಖ ನೋಡಿದ ಮೇಲೆ ನನಗೆ ಮೊದಲ ಬಾರಿ ಭಯವಾಯಿತು. ಇಷ್ಟು ವರ್ಷ ಹೊಟ್ಟೆಪಾಡಿಗೆ ಕೂಗಿದ್ದೆ, ಅವತ್ತಿನಿಂದ ನಿಜವಾಗಿ ಕೂಗಿದೆ.

ಇನ್ನೊಂದು ಊರಲ್ಲಿ ಕಟ್ಟೆಯ ಮೇಲೆ ಕೂತ ಒಬ್ಬ ಎದ್ದು ನಿಂತು, “ಸಾಬ್ರೇ, ಒಲೆ ಆರಿಸಿ ಬರ್ರಿ ಅಂತೀರಿ, ಒಲೆ ಆರಿಸಿದ್ರೆ ನಿಮ್ ಕುಕ್ಕರ್ ಹೆಂಗ್ರಿ ಕೂಗ್ತೈತೆ?” ಎಂದು ಕೇಳಿದ. ಜನ ಬಿದ್ದು ಬಿದ್ದು ನಕ್ಕರು. ಮುಂದಿನ ಊರಲ್ಲಿ “ಒಲೆ ಹಚ್ಚಿ ಬರ್ರಿ” ಎಂದು ನೋಡಿದೆ. ಮನೆ ಸುಡಿಸುತ್ತೀಯಾ ಎಂದು ಹೆಂಗಸರು ಬೈದರು. ಕೊನೆಗೆ ಪಾಲಯ್ಯನೇ, ನಿನ್ನ ಹಳೇ ಮಾತೇ ಇರಲಿ, ಜನಕ್ಕೆ ಅದೇ ಇಷ್ಟ ಎಂದ. ಅವನು ಹೇಳಿದ್ದು ಎಷ್ಟು ನಿಜವೆಂಬುದು ಆಮೇಲೆ ಗೊತ್ತಾಯಿತು. ಆಂಧ್ರದ ಗಡಿಗೆ ಹತ್ತಿದ ಒಂದು ಹಳ್ಳಿಯಲ್ಲಿ ಆಟೋದ ಸದ್ದು ಕೇಳಿ ಒಬ್ಬ ಅಜ್ಜಿ ಊರ ಹೆಂಗಸರನ್ನೆಲ್ಲ ಹಿಂದಿಟ್ಟುಕೊಂಡು ಬಂದಳು. “ನೀ ಗೊಂತು ವಿನ್ನಾಕ ಇಂಕೇಮಿ ಕಾವಾಲ ನಾಯನಾ,” ಎಂದಳು. ನಿನ್ನ ದನಿ ಕೇಳಿದ ಮೇಲೆ ಇನ್ನೇನು ಬೇಕಪ್ಪ ಎಂದು. ನಮ್ಮೂರಿನ ಓಟೆಲ್ಲ ನಿನಗೇ ಎಂದು ನನ್ನ ಕೆನ್ನೆ ಸವರಿದಳು. ಪಾಲಯ್ಯನ ಕಣ್ಣಲ್ಲಿ ನೀರು ಬಂತು. ವಾಪಸು ಬರುವಾಗ ದಾರಿಯುದ್ದಕ್ಕೂ ಅವನು ಮಂತ್ರಿ ಪದವಿ ಕೊಟ್ಟರೆ ಸಾರಿಗೆಯೇ ಬೇಕು ಎನ್ನುತ್ತಿದ್ದ.

ಫಲಿತಾಂಶ ಬಂತು. ಯಜಮಾನರು ಹಿಂದೆಂದೂ ಗೆಲ್ಲದ ಅಂತರದಲ್ಲಿ ಗೆದ್ದರು. ಪಾಲಯ್ಯನ ಠೇವಣಿಯೂ ಉಳಿಯಲಿಲ್ಲ. ಅವನ ಹಟ್ಟಿಯವರಷ್ಟೇ ಕುಕ್ಕರಿಗೆ ಒತ್ತಿದ್ದರು. ಅವನು ಆಟೋದ ಮೇಲೆ ಹತ್ತಿ ಹಾರ್ನು ಬಿಚ್ಚಿ, ಹಗ್ಗ ಸುತ್ತಿ ನನ್ನ ಕೈಗೆ ಕೊಟ್ಟ.

ಕೆಲವು ದಿನದ ಮೇಲೆ ಆ ಗಡಿಯ ಹಳ್ಳಿಯ ಒಂದು ಮದುವೆಗೆ ಮೈಕ್ ಹಾಕಲು ಹೋಗಿದ್ದೆ. ಅದೇ ಅಜ್ಜಿ ಸಿಕ್ಕಿದಳು. ಯಾಕವ್ವ ಹೀಗೆ ಮಾಡಿದಿರಿ ಎಂದು ಕೇಳಿಯೇಬಿಟ್ಟೆ. ಅವಳಿಗೆ ಆಶ್ಚರ್ಯ. “ನೀನು ಒಲೆ ಆರಿಸಿ ಬರ್ರಿ ಅಂದಿ, ಬಂದ್ವಿ. ಯಾವಾಗ್ಲೂ ಒತ್ತೋದ್ನೇ ಒತ್ತಿದ್ವಿ. ನೀನು ಬಂದ ಮ್ಯಾಲೆ ಬ್ಯಾರೆ ಯಾವ್ದಿರ್ತೈತೆ?” ಎಂದಳು. ಪಕ್ಕದಲ್ಲಿ ಕೈ ಮುಗಿದು ನಿಂತಿದ್ದ ಪಾಲಯ್ಯನನ್ನು ನೋಡಲಿಲ್ಲವೇ ಎಂದೆ. ನೋಡಿದ್ದಳು. “ಅವ ನಿನ್ ಜತಿಗೆ ಹಾರ್ನ್ ಕಟ್ಟೋನಲ್ವಾ, ಪಾಪ,” ಎಂದಳು. ಅವತ್ತು ಆ ಮದುವೆಯಲ್ಲಿ ಊಟಕ್ಕೆ ಏಳಿ ಎಂದು ಕರೆಯುವುದಕ್ಕೂ ನನಗೆ ದನಿ ಹೊರಡಲಿಲ್ಲ. ಜೀವದ ಗೆಳೆಯನನ್ನು ನನ್ನ ಕೈಯಾರೆ, ಅಲ್ಲ, ಬಾಯಾರೆ ಸೋಲಿಸಿ ಬಂದಿದ್ದೆ.

ಇದರ ಮೇಲೆ ಯಜಮಾನರು ಹೇಳಿಕಳಿಸಿದರು. ಬೈಯುತ್ತಾರೆಂದು ತಲೆ ತಗ್ಗಿಸಿಕೊಂಡು ಹೋದರೆ, ಮೊಳಕಾಲ್ಮೂರಿನ ಅವರ ಮನೆಯ ಪಡಸಾಲೆಯಲ್ಲಿ ಹಾರ, ಶಾಲು ಕಾದಿದ್ದವು. “ಹುಡುಗ್ರ ವ್ಯಾನು ಬಂದ್ರೆ ಜನ ಸಿನಿಮಾ ಬಂತು ಅಂದ್ಕಂಡ್ರಪ್ಪ. ನಿನ್ ದನಿ ಕೇಳಿದ ಮೇಲೇ ನೋಡು ಅವ್ರಿಗೆ ನಾನು ನೆನಪಾಗಿದ್ದು. ಯಾವ ಸಲವೂ ನೀನು ನನಗೆ ಇಷ್ಟು ಚೆನ್ನಾಗಿ ಕೆಲ್ಸ ಮಾಡಿರ್ಲಿಲ್ಲ,” ಎಂದರು. ಕುಹಕವೋ ಕೃತಜ್ಞತೆಯೋ ಅವರ ಮುಖದಲ್ಲಿ ತಿಳಿಯುವುದಿಲ್ಲ. ತಿಳಿಯುವಂತಿದ್ದರೆ ಇಷ್ಟು ಸಲ ಗೆಲ್ಲುತ್ತಿರಲಿಲ್ಲ. ಶಾಲು ಹೊದಿಸಿ, ಏನು ಬೇಕು ಕೇಳು ಎಂದರು. ಪಾಲಯ್ಯನ ಹಟ್ಟಿಗೆ ಸಂಜೆ ಬಸ್ಸು ಎಂದೆ. “ಮಾಡೋಣ,” ಎಂದು ಬೆನ್ನು ತಟ್ಟಲು ಕೈ ಎತ್ತಿದರು. ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಅಷ್ಟು ವರ್ಷದಲ್ಲಿ ಅವರೆದುರು ಹಾಗೆ ಸರಿದವನಲ್ಲ.

“ಮಾಡೋಣ ಅನ್ಬ್ಯಾಡ್ರಿ ಯಜಮಾನ್ರೇ,” ಎಂದೆ. “ಆ ಮಾತಿನ ಅರ್ಥ ನನಗೂ ನಿಮಗೂ ಗೊತ್ತೈತೆ.”

ಎತ್ತಿದ ಕೈ ಅಲ್ಲೇ ನಿಂತಿತು. ಆಮೇಲೆ ಫೋನು ತರಿಸಿ ನನ್ನೆದುರಿಗೇ ಬಸ್ ಡಿಪೋಗೆ ಮಾತಾಡಿದರು. ಇದಕ್ಕೆ ಅವರನ್ನು ಮೆಚ್ಚಬೇಕು.

ಬಸ್ಸು ಬರುವ ದಿನ ಹಟ್ಟಿಯ ಮುಂದೆ ಚಪ್ಪರ ಹಾಕಿದರು. ಮೈಕ್ ನನ್ನದೇ. ಇಳಿಬಿಸಿಲಿನಲ್ಲಿ ಗುಡ್ಡದ ತಿರುವಿನಿಂದ ಬಾಳೆಕಂದು ಕಟ್ಟಿಕೊಂಡ ಬಸ್ಸು ಬಂತು. ಕಿಟಕಿಯ ಪಕ್ಕ ರತ್ನಾ, ತೊಡೆಯ ಮೇಲೆ ಪುಸ್ತಕ. ಪಾಲಯ್ಯ ದೂರದಲ್ಲಿ ಜನರ ಹಿಂದೆ ನಿಂತು, ಬಸ್ಸು ನಿಂತ ಕೂಡಲೇ ತಡೆಯಲಾರದೆ “ಯಾರ್ರೀ ಇಳಿಯೋರು,” ಎಂದ. ಯಜಮಾನರು ಕೈ ಮುಗಿದು ವೇದಿಕೆಗೆ ಬಂದರು. ನಾನು ಮೈಕ್ ಹಿಡಿದು, ಈ ಊರಿನ ಕಷ್ಟ ಅರಿತವರು ಎಂದೆ, ಹೆಣ್ಣುಮಕ್ಕಳ ಓದು ಉಳಿಸಿದವರು ಎಂದೆ, ಎದೆ ತುಂಬಿ, “ಈ ಬಸ್ಸು ತಂದುಕೊಟ್ಟ ನಮ್ಮೆಲ್ಲರ ನೆಚ್ಚಿನ ಶಾಸಕರಾದ ಪಾಲಯ್ಯನವರಿಗೆ ಜೋರಾಗಿ ಚಪ್ಪಾಳೆ!” ಎಂದೆ. ಗುಡ್ಡ “ಪಾಲಯ್ಯನವರಿಗೆ” ಎಂದಿತು. ಆಮೇಲೆ ಬಿತ್ತು ನೋಡಿ ಚಪ್ಪಾಳೆ! ಯಜಮಾನರೂ ಅಭ್ಯಾಸಬಲದಿಂದ ನಗುತ್ತಾ ಚಪ್ಪಾಳೆ ತಟ್ಟಿದರು. ಚಿವುಟಿ ತಿದ್ದಬೇಕಾದವನು ದೂರ ನಿಂತು ಟವೆಲಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದ.

ನಾಲಿಗೆ ತಪ್ಪಿತು ಎಂದು ಆಮೇಲೆ ಯಜಮಾನರ ಕಾಲು ಹಿಡಿದೆ. ಖೈರೂನ್ ಮಾತ್ರ, ತಪ್ಪಿದ್ದು ಇಷ್ಟು ವರ್ಷ, ಅವತ್ತೊಂದು ದಿನ ಸರಿಯಾಗಿತ್ತು ಎನ್ನುತ್ತಾಳೆ. ಏನೇ ಇರಲಿ, ಈ ವಯಸ್ಸಿನಲ್ಲಿ ನನಗೆ ಬೇಡಿಕೆ ಬಂದಿದೆ. ಯಜಮಾನರು ಮುಂದಿನ ಚುನಾವಣೆಗೆ ಈಗಲೇ ಹೇಳಿಟ್ಟಿದ್ದಾರೆ, ಬುಡೇನ್ ಈ ಸಲದ ಹಾಗೆಯೇ ಪಾಲಯ್ಯನ ಗಾಡಿಯಲ್ಲಿ ಕೂರಬೇಕಂತೆ. ಮೊನ್ನೆ ಪಾಲಯ್ಯನೂ ಅದೇ ಸಂಜೆ ಬಸ್ಸಿನ ಟಿಕೆಟ್ ಕೈಯಲ್ಲಿ ಹಿಡಿದು ಅಂಗಡಿಗೆ ಬಂದಿದ್ದ.

“ಲೇ ಬುಡೇನಾ, ಮುಂದಿನ ಸಲವೂ ನಿಂತ್ಕಂತೀನಿ,” ಎಂದ. “ಹಾರ್ನು ನಾನೇ ಬಂದು ಕಟ್ಕೊಡ್ತೀನಿ. ನೀನು ಮಾತ್ರ ಯಜಮಾನ್ರ ಗಾಡಿ ಹತ್ತಿಬಿಡಪ್ಪ.”